ಕುದುರೆಯ ಮೇಲಿದ್ದವನು ಮೊದಲು ಹೇಳಬೇಕಾದ ಮಾತು

ಏಳನೆಯ ಶತಮಾನದ ಅರೇಬಿಯಾ. ಮುಸ್ಲಿಮರ ಸಣ್ಣ ಪಡೆಯೊಂದಕ್ಕೆ ದಾರಿಯಲ್ಲಿ ಒಬ್ಬ ಕುರಿಗಾಹಿ ಎದುರಾದ. ಅವನ ಆಸ್ತಿಯೆಂದರೆ ಪುಟ್ಟದೊಂದು ಮಂದೆ. ಪಡೆಯವರನ್ನು ಕಂಡು ಅವನು ‘ಅಸ್ಸಲಾಮು ಅಲೈಕುಂ’ ಎಂದ. ಜೀವ ಉಳಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾನೆ, ಇವನು ನಮ್ಮವನಲ್ಲ ಎಂದು ಪಡೆಯವರು ತೀರ್ಮಾನಿಸಿದರು. ಅವನನ್ನು ಕೊಂದು ಕುರಿಗಳನ್ನು ಹೊಡೆದುಕೊಂಡು ಹೋದರು.

ಪ್ರವಾದಿ ಮುಹಮ್ಮದರ ದಾಯಾದಿ ಸೋದರ ಇಬ್ನ್ ಅಬ್ಬಾಸ್ ಹೇಳಿದ ಈ ಘಟನೆಯನ್ನು ಇಮಾಮ್ ಬುಖಾರಿ ತಮ್ಮ ಹದೀಸ್ (ಪ್ರವಾದಿಯವರ ನುಡಿನಡೆಗಳ ವರದಿ) ಸಂಗ್ರಹದಲ್ಲಿ ದಾಖಲಿಸಿದ್ದಾರೆ. ಕುರ್‌ಆನಿನ ನಾಲ್ಕನೆಯ ಅಧ್ಯಾಯದ 94ನೆಯ ವಚನ ಇಳಿದದ್ದು ಈ ಸಂದರ್ಭದಲ್ಲೇ ಎಂದು ಇಬ್ನ್ ಅಬ್ಬಾಸ್ ಹೇಳುತ್ತಾರೆ. ಸಲಾಂ ಹೇಳಿದವನಿಗೆ ನೀನು ವಿಶ್ವಾಸಿಯಲ್ಲ ಎನ್ನಬಾರದು, ಲೋಕದ ಸೊತ್ತಿನ ಆಸೆಯಿಂದ ಹಾಗೆ ಮಾಡಬಾರದು, ಹಿಂದೊಮ್ಮೆ ನೀವೂ ಅವನಂತೆಯೇ ಇದ್ದಿರಿ ಎಂಬುದು ಅದರ ಆಶಯ. ಇದೇ ವಚನಕ್ಕೆ ಇನ್ನೊಂದು ಹಿನ್ನೆಲೆಯನ್ನು ಹೇಳುವವರಿದ್ದಾರೆ. ಆಮಿರ್ ಎಂಬವನು ಸಲಾಂ ಹೇಳಿದರೂ ಮುಹಲ್ಲಿಮ್ ಎಂಬವನು ಹಳೆಯ ದ್ವೇಷಕ್ಕೆ ಅವನನ್ನು ಕೊಂದನಂತೆ. ಮುಹಲ್ಲಿಮ್ ಸತ್ತಾಗ ಮಣ್ಣು ಅವನ ಹೆಣವನ್ನು ಒಳಗೆ ಸೇರಿಸಿಕೊಳ್ಳಲೇ ಇಲ್ಲ, ಹೂತಷ್ಟು ಸಲವೂ ಹೊರಗೆ ಹಾಕಿತು ಎಂದು ಇಬ್ನ್ ಇಸ್‌ಹಾಕರ ಪ್ರವಾದಿ ಜೀವನಚರಿತ್ರೆ ಹೇಳುತ್ತದೆ. ಸಲಾಂ ಹೇಳಿದವನನ್ನು ಕೊಲ್ಲುವುದು ಎಷ್ಟು ಘೋರವೆಂದು ಆ ಕಾಲದ ಜನ ಭಾವಿಸಿದ್ದರು ಎಂಬುದಕ್ಕೆ ಈ ಐತಿಹ್ಯವೇ ಸಾಕ್ಷಿ.

ಅಷ್ಟು ಘೋರವಾಗಲು ಕಾರಣವಿದೆ. ಸಲಾಂ ಬರಿಯ ಉಪಚಾರದ ಮಾತಲ್ಲ, ಅದು ದೇವರ ಹೆಸರು.

ಕುರ್‌ಆನಿನಲ್ಲಿ ‘ಅಸ್ಸಲಾಮ್’ ಎಂಬುದು ದೇವರ ಹೆಸರಾಗಿ ಸ್ಪಷ್ಟವಾಗಿ ಬರುವುದು ಒಂದೇ ಕಡೆ, 59ನೆಯ ಅಧ್ಯಾಯದ 23ನೆಯ ವಚನದಲ್ಲಿ. ಅಲ್ಲಿ ಹೆಸರುಗಳು ಸಾಲಾಗಿ ಬರುತ್ತವೆ: ಅಲ್‌ಮಲಿಕ್, ಅಲ್‌ಕುದ್ದೂಸ್, ಅಸ್ಸಲಾಮ್, ಅಲ್‌ಮುಅ್ಮಿನ್, ಅಲ್‌ಮುಹೈಮಿನ್. ದೊರೆ, ಪರಿಶುದ್ಧ, ಶಾಂತಿ, ಅಭಯ ಕೊಡುವವನು, ಕಾಯುವವನು. ದೊರೆತನ, ಪರಿಶುದ್ಧತೆಗಳ ಹೆಸರುಗಳ ಹಿಂದೆಯೇ ಶಾಂತಿಯ ಹೆಸರು, ಅದನ್ನು ತಗುಲಿಕೊಂಡೇ ಅಭಯದ ಹೆಸರು. ಈ ಅಧ್ಯಾಯ ಯಾವ ಕಾಲದ್ದೆಂಬುದನ್ನೂ ಗಮನಿಸಬೇಕು. ಮದೀನಾದ ಬನೂ ನದೀರ್ ಎಂಬ ಯಹೂದಿ ಕುಲವನ್ನು ಮುತ್ತಿಗೆ ಹಾಕಿ ಊರಿನಿಂದ ಹೊರಡಿಸಿದ, ಸುಮಾರು 625ರ ಸಂಘರ್ಷದ ಪ್ರಸಂಗವೇ ಅದರ ಮುಖ್ಯ ವಸ್ತು. ಅಂಥ ಅಧ್ಯಾಯ ಮುಗಿಯುವ ಹೊತ್ತಿಗೆ ದೇವರನ್ನು ಶಾಂತಿಯೆಂದು ಕರೆಯುತ್ತದೆ. ಶಾಂತಿಯ ಹೆಸರು ಹುಟ್ಟಿದ್ದು ಪ್ರಶಾಂತ ಆಶ್ರಮದಲ್ಲಲ್ಲ, ಕತ್ತಿ ಒರೆಯಿಂದ ಹೊರಗಿದ್ದ ದಿನಗಳಲ್ಲಿ. ಮುಂದೆ ಒಂಬತ್ತನೆಯ ಶತಮಾನದಲ್ಲಿ ತಿರ್ಮಿದಿ ದಾಖಲಿಸಿದ 99 ದಿವ್ಯನಾಮಗಳ ಪಟ್ಟಿಯಲ್ಲಿ ಇದೂ ಸೇರಿತು.

ಮಾತಿನ ಮೂಲ ಇಸ್ಲಾಮಿಗಿಂತಲೂ ಬಹಳ ಹಳೆಯದು. ಸಿನಾಯ್ ಮರುಭೂಮಿಯ ಬಂಡೆಗಳ ಮೇಲೆ ಇಂದಿಗೂ ಸಾವಿರಾರು ನಬಾತಿಯನ್ ಗೀಚುಬರಹಗಳಿವೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಒಂಟೆಗಳೊಡನೆ ಆ ಕಣಿವೆಗಳನ್ನು ದಾಟಿದ ಜನ ಕಲ್ಲಿನ ಮೇಲೆ ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಕೆತ್ತುತ್ತಿದ್ದರು. ಬಹುಪಾಲು ಬರಹಗಳ ಮೊದಲ ಪದ ‘ಶ್ಲಮ್’, ಇಂಥವನ ಮಗ ಇಂಥವನಿಗೆ ಕ್ಷೇಮ ಎಂದು ಅರ್ಥ. ನೀರಿಲ್ಲದ ದಾರಿಯಲ್ಲಿ ನಡೆದವನಿಗೆ ಬೇರೇನನ್ನು ಹಾರೈಸಬೇಕು? ಹೀಬ್ರೂ ಬೈಬಲಿನ ನ್ಯಾಯಸ್ಥಾಪಕರು ಗ್ರಂಥದಲ್ಲಿ ಗಿದ್ಯೋನ ತಾನು ಕಟ್ಟಿದ ಬಲಿಪೀಠಕ್ಕೆ ಸಲಾಮಿನ ಹೀಬ್ರೂ ಒಡಹುಟ್ಟಾದ ಶಾಲೋಮಿನ ಹೆಸರಿಡುತ್ತಾನೆ. ಶಾಲೋಮ್ ದೇವರ ಹೆಸರಾದ್ದರಿಂದ ಸ್ನಾನಗೃಹದಲ್ಲಿ ಆ ಮಾತಿನಿಂದ ವಂದಿಸಬಾರದು ಎಂಬ ಚರ್ಚೆ ಯಹೂದಿಗಳ ತಾಲ್ಮುದ್‌ನಲ್ಲಿದೆ. ಇಸ್ಲಾಮೀ ಪರಂಪರೆಯಲ್ಲೂ ಇದರ ಸಮೀಪದ ಪ್ರಸಂಗವೊಂದುಂಟು: ಪ್ರವಾದಿಯವರು ಮೂತ್ರವಿಸರ್ಜನೆಯಲ್ಲಿದ್ದಾಗ ಒಬ್ಬಾತ ಸಲಾಂ ಹೇಳಿದ, ಅವರು ಕೈಕಾಲು ತೊಳೆದು ಶುದ್ಧರಾಗುವವರೆಗೆ ಮರುನುಡಿಯಲಿಲ್ಲ. ದೇವರ ಸ್ಮರಣೆಯನ್ನು ಆ ಸ್ಥಿತಿಯಲ್ಲಿ ಮಾಡಲು ಮನಸ್ಸಾಗಲಿಲ್ಲ ಎಂದು ಆಮೇಲೆ ಕಾರಣ ಹೇಳಿದರು.

ಹಾಗೆಂದು ಇಸ್ಲಾಂ ಬರುವ ಮುಂಚೆ ಅರಬರೆಲ್ಲ ಸಲಾಂ ಎಂದೇ ವಂದಿಸುತ್ತಿದ್ದರು ಎಂದಲ್ಲ. ಮಕ್ಕಾದ ಕಡೆ ‘ಇನ್‌ಅಮ್ ಸಬಾಹನ್’ ಎಂಬ ಮಾತು ಬಳಕೆಯಲ್ಲಿತ್ತು, ಬೆಳಗು ಸುಖವಾಗಿರಲಿ ಎಂದು. 624ರ ಬದ್ರ್ ಕದನ ಮುಗಿದ ಮೇಲೆ ಉಮೈರ್ ಇಬ್ನ್ ವಹಬ್ ಎಂಬಾತ ವಿಷ ಹಚ್ಚಿದ ಕತ್ತಿಯೊಡನೆ ಮುಹಮ್ಮದರನ್ನು ಕೊಲ್ಲಲು ಮದೀನಾಕ್ಕೆ ಬಂದ. ಎದುರು ನಿಂತು ಇದೇ ಹಳೆಯ ಮಾತಿನಿಂದ ವಂದಿಸಿದ. ನಿನ್ನ ವಂದನೆಗಿಂತ ಒಳ್ಳೆಯದನ್ನು ದೇವರು ನಮಗೆ ಕೊಟ್ಟಿದ್ದಾನೆ, ಸ್ವರ್ಗವಾಸಿಗಳ ವಂದನೆಯಾದ ಸಲಾಂ ಎಂಬ ಅರ್ಥದ ಉತ್ತರ ಪ್ರವಾದಿಯವರಿಂದ ಬಂತು. ಕೊಲ್ಲಲು ಬಂದ ಉಮೈರ್ ಮುಸ್ಲಿಮನಾಗಿ ಹಿಂದಿರುಗಿದ ಎಂದು ಇಬ್ನ್ ಹಿಶಾಮರ ಪ್ರವಾದಿ ಚರಿತ್ರೆ ಹೇಳುತ್ತದೆ.

ಆಗಿನ ಮದೀನಾ ಎಂಥ ಊರೆಂಬುದನ್ನು ತಿಳಿದರೆ ಈ ಹೊಸ ವಂದನೆಗಿದ್ದ ಜರೂರು ಅರ್ಥವಾಗುತ್ತದೆ. ಪ್ರವಾದಿಯವರು 622ರಲ್ಲಿ ಅಲ್ಲಿಗೆ ಬರುವ ಕೆಲವೇ ವರ್ಷ ಮೊದಲು ಔಸ್ ಮತ್ತು ಖಝ್ರಜ್ ಕುಲಗಳು ಬುಆಸ್ ಎಂಬಲ್ಲಿ ಪರಸ್ಪರ ಕಡಿದಾಡಿ ಎರಡೂ ಕಡೆಯ ಮುಖಂಡರನ್ನು ಕಳೆದುಕೊಂಡಿದ್ದವು. ಊರಿನ ಯಹೂದಿ ಪಂಡಿತ ಅಬ್ದುಲ್ಲಾ ಇಬ್ನ್ ಸಲಾಂ ಹೊಸಬರನ್ನು ನೋಡಲು ಜನರ ನಡುವೆ ಬಂದು ನಿಂತರು. ಮುಹಮ್ಮದರ ಬಾಯಿಂದ ತಾನು ಮೊಟ್ಟಮೊದಲು ಕೇಳಿದ್ದೇನೆಂಬುದನ್ನು ಅವರು ಮುಂದೆ ನೆನೆದಿದ್ದಾರೆ: ಸಲಾಮನ್ನು ಹಬ್ಬಿಸಿ, ಹಸಿದವರಿಗೆ ಉಣಿಸಿ, ಊರು ಮಲಗಿದ್ದಾಗ ಎದ್ದು ಪ್ರಾರ್ಥಿಸಿ. ನಿನ್ನೆ ಮೊನ್ನೆಯವರೆಗೆ ಕೊಂದಾಡಿಕೊಂಡಿದ್ದ ಓಣಿಗಳಲ್ಲಿ ಎದುರು ಬಂದವನ ಕೈ ಸೊಂಟದ ಕತ್ತಿಯ ಕಡೆ ಹೋಗುತ್ತದೋ ಇಲ್ಲವೋ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನನ್ನಿಂದ ನಿನಗೆ ಕೇಡಿಲ್ಲ ಎಂದು ಬಾಯಿಬಿಟ್ಟು ಹೇಳುವುದು, ಅದೂ ದೇವರ ಹೆಸರನ್ನೇ ಮುಂದಿಟ್ಟು ಹೇಳುವುದು, ಅಲ್ಲಿ ಅಲಂಕಾರವಾಗಿರಲಿಲ್ಲ. ಅದು ಬದುಕಿನ ಅಗತ್ಯವಾಗಿತ್ತು.

ದೇವರಿಗೇ ಸಲಾಂ ಹೇಳಬಹುದೇ? ಈ ಪ್ರಶ್ನೆಯೂ ಬೇಗನೆ ಎದ್ದಿತು. ಆರಂಭದ ಮುಸ್ಲಿಮರು ನಮಾಜಿನಲ್ಲಿ ಕುಳಿತಾಗ ದೇವರ ಮೇಲೆ ಸಲಾಂ, ದೇವದೂತ ಜಿಬ್ರೀಲರ ಮೇಲೆ ಸಲಾಂ, ಇಂಥವರ ಮೇಲೆ ಸಲಾಂ ಎನ್ನುತ್ತಿದ್ದರಂತೆ. ಪ್ರವಾದಿಯವರು ಅದನ್ನು ತಡೆದರು, ದೇವರೇ ಸಲಾಂ ಆಗಿರುವಾಗ ಅವನಿಗೆ ಸಲಾಂ ಹಾರೈಸುವುದೆಂತು ಎಂದು ತಿಳಿಹೇಳಿದರು, ಬದಲಿಗೆ ಹೇಳಬೇಕಾದ ಮಾತುಗಳನ್ನು ಕಲಿಸಿದರು ಎಂದು ಅವರ ಸಂಗಾತಿ ಇಬ್ನ್ ಮಸ್‌ಊದ್ ವರದಿ ಮಾಡಿದ್ದಾರೆ. ಶಾಂತಿಗೆ ದಿಕ್ಕಿದೆ ಎಂಬುದು ಇದರ ತಿರುಳು: ಅದು ಅವನಿಂದ ಕೆಳಗೆ ಬರುತ್ತದೆ, ಕೆಳಗಿನವರು ಅದನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಬೇಕು. ಇಂದಿಗೂ ನಮಾಜು ಮುಗಿಯುವುದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ ಸಲಾಂ ಹೇಳುವುದರೊಂದಿಗೆ. ಪಕ್ಕದಲ್ಲಿ ನಿಂತವನು ಶ್ರೀಮಂತನೋ ಕೂಲಿಯವನೋ, ಆ ಸಲಾಂ ಅವನಿಗೂ ಸೇರುತ್ತದೆ.

ಮೊದಲು ಯಾರು ಹೇಳಬೇಕು ಎಂಬುದರ ಬಗ್ಗೆ ಬಂದ ನಿಯಮ ಈ ಇಡೀ ಚರಿತ್ರೆಯ ಕೀಲಿ. ಇಮಾಮ್ ಬುಖಾರಿ ಮತ್ತು ಇಮಾಮ್ ಮುಸ್ಲಿಂ ಇಬ್ಬರ ಹದೀಸ್ ಸಂಗ್ರಹಗಳಲ್ಲೂ ಅದು ಇದೆ. ಸವಾರಿಯಲ್ಲಿರುವವನು ನಡೆಯುವವನಿಗೆ ಸಲಾಂ ಹೇಳಬೇಕು. ನಡೆಯುವವನು ಕುಳಿತವನಿಗೆ, ಕಡಿಮೆ ಜನ ಹೆಚ್ಚು ಜನಕ್ಕೆ. ಕಿರಿಯರು ಹಿರಿಯರಿಗೆ ಎಂಬುದೂ ಉಂಟು, ಅದು ಗೌರವದ ಲೆಕ್ಕ. ಉಳಿದವುಗಳ ಲೆಕ್ಕವೇ ಬೇರೆ. 15ನೆಯ ಶತಮಾನದಲ್ಲಿ ಕೈರೋದ ಇಬ್ನ್ ಹಜರ್ ಬುಖಾರಿಗೆ ಬರೆದ ಮಹಾಭಾಷ್ಯದಲ್ಲಿ ಹಿಂದಿನ ವಿದ್ವಾಂಸರ ವಿವರಣೆಗಳನ್ನು ಸಂಗ್ರಹಿಸಿದ್ದಾರೆ. ಸವಾರನು ತನ್ನ ಸವಾರಿಯಿಂದಾಗಿ ಸೊಕ್ಕಬಾರದೆಂದು ಅವನೇ ಮೊದಲು ಹೇಳಬೇಕು. ಕುಳಿತವನಿಗೆ ಬರುವವನಿಂದ ಕೇಡಿನ ಅಂಜಿಕೆ ಇರಬಹುದಾದ್ದರಿಂದ ಬಂದವನೇ ಆ ಅಂಜಿಕೆ ಕಳೆಯಬೇಕು. ಅಂದರೆ ಯಾರಿಂದ ಭಯವೋ ಅವನೇ ಮೊದಲು ಅಭಯ ಕೊಡಬೇಕು. ಎತ್ತರದಲ್ಲಿದ್ದವನು ಕೆಳಗಿದ್ದವನ ವಂದನೆಗೆ ಕಾಯುತ್ತ ಕೂರುವಂತಿಲ್ಲ.

ಪ್ರವಾದಿಯವರ ಸೇವೆಯಲ್ಲಿದ್ದ ಅನಸ್ ಮುಪ್ಪಿನಲ್ಲಿ ಬೀದಿಯಲ್ಲಿ ಆಡುತ್ತಿದ್ದ ಹುಡುಗರನ್ನು ಕಂಡಾಗ ತಾವೇ ಸಲಾಂ ಹೇಳಿ ಮುಂದೆ ಹೋಗುತ್ತಿದ್ದರು, ಪ್ರವಾದಿಯವರು ಹಾಗೆ ಮಾಡುತ್ತಿದ್ದರೆಂಬ ಒಂದೇ ಕಾರಣಕ್ಕೆ. ಎರಡನೆಯ ಖಲೀಫ ಉಮರ್ ಅವರ ಮಗ ಅಬ್ದುಲ್ಲಾ ಇಬ್ನ್ ಉಮರ್ ಅವರದು ಇನ್ನೂ ಸೊಗಸಾದ ಪ್ರಸಂಗ. ಅವರು ಬೆಳಗಾದರೆ ಪೇಟೆಗೆ ಹೊರಡುತ್ತಿದ್ದರು. ಚಿಲ್ಲರೆ ಸಾಮಾನು ಮಾರುವವನು, ವ್ಯಾಪಾರಿ, ಬಡವ, ಯಾರು ಸಿಕ್ಕರೂ ಸಲಾಂ. ಒಂದು ದಿನ ಜೊತೆಗೆ ಹೊರಟ ತುಫೈಲ್, ನೀವು ಕೊಳ್ಳುವುದಿಲ್ಲ, ಬೆಲೆ ಕೇಳುವುದಿಲ್ಲ, ಎಲ್ಲೂ ಕೂರುವುದೂ ಇಲ್ಲ, ಪೇಟೆಯಲ್ಲಿ ನಿಮಗೇನು ಕೆಲಸ ಎಂದು ಕೇಳಿದರು. ತುಫೈಲರಿಗೆ ಹೊಟ್ಟೆ ದೊಡ್ಡದು. ಇಬ್ನ್ ಉಮರ್ ಅದನ್ನೇ ಹಿಡಿದು ಅವರನ್ನು ಪ್ರೀತಿಯಿಂದ ಛೇಡಿಸಿ, ಎದುರಾದವರಿಗೆ ಸಲಾಂ ಹೇಳಲಿಕ್ಕೆಂದೇ ನಾವು ಹೋಗುವುದು ಎಂದರು. ಇಮಾಮ್ ಮಾಲಿಕರ ಮುವತ್ತಾ ಈ ಪ್ರಸಂಗವನ್ನು ಉಳಿಸಿಕೊಟ್ಟಿದೆ. ಖಲೀಫನ ಮಗನೊಬ್ಬ ಪೇಟೆಯ ಚಿಲ್ಲರೆ ವ್ಯಾಪಾರಿಯ ಬಳಿ ತಾನಾಗಿ ಹೋಗಿ ನಿಲ್ಲುವುದನ್ನು ಕಲ್ಪಿಸಿಕೊಂಡರೆ ಮೇಲಿನ ನಿಯಮ ಬಾಳಿಗೆ ಇಳಿದ ಬಗೆ ಕಾಣುತ್ತದೆ.

ಹೊಸ್ತಿಲಿಗೂ ಇದೇ ನಿಯಮ. ಪರರ ಮನೆಗೆ ಹೋದವರು ಅನುಮತಿ ಕೇಳಿ, ಮನೆಯವರಿಗೆ ಸಲಾಂ ಹೇಳಿದ ಹೊರತು ಒಳಗೆ ಕಾಲಿಡಬಾರದೆಂದು ಕುರ್‌ಆನಿನ 24ನೆಯ ಅಧ್ಯಾಯ ವಿಧಿಸುತ್ತದೆ. ಒಮ್ಮೆ ಪ್ರವಾದಿಯವರ ಸಂಗಾತಿಯಾಗಿದ್ದ ಅಬೂ ಮೂಸಾ ಅವರು ಖಲೀಫ ಉಮರ್ ಮನೆಬಾಗಿಲಲ್ಲಿ ಮೂರು ಬಾರಿ ಅನುಮತಿ ಕೇಳಿದರು, ಒಳಗಿನಿಂದ ದನಿ ಬರಲಿಲ್ಲ, ಹಿಂದಿರುಗಿ ಹೊರಟರು. ಉಮರ್ ಕರೆಸಿ ಯಾಕೆ ಹೋದೆ ಎಂದು ಕೇಳಿದರು. ಮೂರು ಸಲ ಕೇಳಿ ಉತ್ತರ ಬರದಿದ್ದರೆ ಮರಳಬೇಕೆಂದು ಪ್ರವಾದಿಯವರ ಅಪ್ಪಣೆಯಿದೆ ಎಂಬ ಉತ್ತರ ಬಂತು. ಉಮರ್ ಸಾಕ್ಷಿ ತರಲು ಹೇಳಿದರು. ಮದೀನಾ ಮೂಲದ ಮುಸ್ಲಿಮರಾದ ಅನ್ಸಾರರ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯರಾದ ಅಬೂ ಸಈದ್ ಎದ್ದುಹೋಗಿ ಸಾಕ್ಷಿ ನುಡಿದರು. ಪೇಟೆಯ ವ್ಯವಹಾರದಲ್ಲಿ ಮುಳುಗಿ ತನಗೆ ಇದು ತಪ್ಪಿಹೋಯಿತೆಂದು ಖಲೀಫರು ಒಪ್ಪಿಕೊಂಡರು. ರಾಜ್ಯದ ಅತಿ ದೊಡ್ಡ ಅಧಿಕಾರಸ್ಥನ ಬಾಗಿಲಲ್ಲೂ ಆಗ ಕಾವಲಿನವನ ಕೂಗಿಗಿಂತ ಸಲಾಮಿನ ಕ್ರಮಕ್ಕೆ ತೂಕವಿತ್ತು.

ಅದು ಬಹುಕಾಲ ಹಾಗೆ ಉಳಿಯಲಿಲ್ಲ.

762ರಲ್ಲಿ ಅಬ್ಬಾಸೀ ಖಲೀಫ ಅಲ್ ಮನ್ಸೂರ್ ಟೈಗ್ರಿಸ್ ನದಿಯ ಪಶ್ಚಿಮ ದಂಡೆಯಲ್ಲಿ ಹೊಸ ರಾಜಧಾನಿಗೆ ಬುನಾದಿ ಹಾಕಿಸಿದ. ನೌಬಖ್ತ್ ಮತ್ತು ಮಾಶಾಅಲ್ಲಾ ಎಂಬ ಜ್ಯೋತಿಷಿಗಳು ಮುಹೂರ್ತ ಇಟ್ಟುಕೊಟ್ಟರು. ಒಂದು ಲಕ್ಷ ಕೆಲಸಗಾರರನ್ನು ಒಟ್ಟುಗೂಡಿಸಲಾಯಿತು ಎಂದು ಒಂಬತ್ತನೆಯ ಶತಮಾನದ ಯಾಕೂಬಿ ಬರೆಯುತ್ತಾನೆ. ಊರು ದುಂಡಗೆ, ಸುತ್ತ ಕೋಟೆ, ಖುರಾಸಾನ್, ಬಸ್ರಾ, ಕೂಫಾ, ಶಾಮ್ (ಸಿರಿಯಾ) ಕಡೆಗೆ ನಾಲ್ಕು ಬಾಗಿಲು, ನಟ್ಟನಡುವೆ ಅರಮನೆ ಮತ್ತು ಮಸೀದಿ. ಅಲ್ಲಿದ್ದ ಹಳೆಯ ಊರಿನ ಹೆಸರು ಬಗ್ದಾದ್. ಖಲೀಫ ಇಟ್ಟ ಹೆಸರು ಮದೀನತ್ ಅಸ್ಸಲಾಮ್, ಶಾಂತಿಯ ನಗರ. 11ನೆಯ ಶತಮಾನದಲ್ಲಿ ಆ ನಗರದ ಬೃಹತ್ ಚರಿತ್ರೆಯನ್ನು ಬರೆದ ಖತೀಬ್ ಅಲ್ ಬಗ್ದಾದಿ ಮತ್ತು ಅವನ ನಂತರದವರು ಹೆಸರಿಗೆ ಹಲವು ಕಾರಣ ಕೊಡುತ್ತಾರೆ. ಟೈಗ್ರಿಸ್ ನದಿಗೇ ಸಲಾಮಿನ ನದಿ ಎಂಬ ಹೆಸರಿತ್ತು ಎಂಬುದು ಒಂದು. ಸಲಾಂ ಎಂದರೆ ದೇವರು, ಆದ್ದರಿಂದ ಇದು ದೇವರ ನಗರ ಎಂಬುದು ಇನ್ನೊಂದು. ಬಗ್ದಾದ್ ಎಂಬ ಪರ್ಷಿಯನ್ ಹೆಸರಿನಲ್ಲಿ ಯಾವುದೋ ಹಳೆಯ ವಿಗ್ರಹದ ಹೆಸರು ಅಡಗಿದೆಯೆಂದು ಕೆಲವು ವಿದ್ವಾಂಸರು ಅದನ್ನು ಉಚ್ಚರಿಸಲೂ ಒಪ್ಪದೆ ಸಲಾಮಿನ ಹೆಸರನ್ನೇ ಬಳಸುತ್ತಿದ್ದರು.

ಆ ಹೆಸರು ನಾಣ್ಯಕ್ಕೆ ಏರಿತು. ಮದೀನತ್ ಅಸ್ಸಲಾಮ್ ಟಂಕಸಾಲೆಯ ಬೆಳ್ಳಿ ದಿರ್ಹಮುಗಳು ವ್ಯಾಪಾರಿಗಳ ಕೈ ದಾಟುತ್ತ ವೋಲ್ಗಾ ನದಿಗುಂಟ ಉತ್ತರಕ್ಕೆ ಹೋದವು. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದಲ್ಲಿ ವೈಕಿಂಗರು ಹೂತಿಟ್ಟ ನಿಧಿಗಳಲ್ಲಿ ಈಗಲೂ ಅಬ್ಬಾಸೀ ನಾಣ್ಯಗಳು ಸಿಗುತ್ತವೆ. ಅರಬ್ಬಿಯ ಒಂದಕ್ಷರ ಓದಲು ಬಾರದ ಜನರ ಮನೆಯ ನೆಲದಡಿಯಲ್ಲಿ ಆ ಹೆಸರು ಸಾವಿರ ವರ್ಷ ಮಲಗಿತ್ತು.

ಆದರೆ ಊರಿನ ಒಳಗಿನ ನಿಯಮ ಹಳೆಯ ನಿಯಮಕ್ಕೆ ತಿರುಗುಮುರುಗು. ನಡುಅಂಗಳಕ್ಕೆ ಸವಾರಿಯ ಮೇಲೆ ಬರಲು ಅನುಮತಿಯಿದ್ದದ್ದು ಬೆರಳೆಣಿಕೆಯ ಜನರಿಗೆ. ಖಲೀಫನ ಸ್ವಂತ ಚಿಕ್ಕಪ್ಪಂದಿರು ಕೂಡ ಕೋಟೆಬಾಗಿಲಲ್ಲಿ ಇಳಿದು ದೂರದ ಅರಮನೆಗೆ ಕಾಲ್ನಡಿಗೆಯಲ್ಲಿ ಹೋಗಬೇಕಿತ್ತು. ವಯಸ್ಸಾಯಿತು, ನಡೆಯಲಾರೆ ಎಂದು ಬೇಡಿದ ಪ್ರಸಂಗಗಳು ಚರಿತ್ರೆಯಲ್ಲಿವೆ. ಪೇಟೆಯನ್ನೂ ಮನ್ಸೂರ್ ಕೋಟೆಯ ಹೊರಗೆ ಕರ್ಖ್ ಎಂಬಲ್ಲಿಗೆ ಕಳಿಸಿಬಿಟ್ಟ, ಮಾರುವವರ ವೇಷದಲ್ಲಿ ಶತ್ರುವಿನ ಬೇಹುಗಾರರು ನುಸುಳಬಹುದೆಂಬ ಅಂಜಿಕೆಯಿಂದ. ಇಬ್ನ್ ಉಮರ್ ಸಲಾಂ ಹೇಳಲು ಹುಡುಕಿಕೊಂಡು ಹೋಗುತ್ತಿದ್ದ ಜನರೇ ಶಾಂತಿಯ ನಗರದ ನಡುವಿನಿಂದ ಹೊರಗಾದರು. ಅರಮನೆಯ ಹಸಿರು ಗುಮ್ಮಟದ ತುದಿಯಲ್ಲಿ ಭರ್ಜಿ ಹಿಡಿದ ಕುದುರೆ ಸವಾರನ ಪ್ರತಿಮೆಯಿತ್ತು. ದಂಗೆ ಏಳುವ ದಿಕ್ಕಿಗೆ ಆ ಭರ್ಜಿ ತಾನಾಗಿ ತಿರುಗುತ್ತಿತ್ತೆಂದು ಜನ ನಂಬಿದ್ದರು. ಭೂಗೋಳಕಾರ ಯಾಕೂತ್ ಈ ನಂಬಿಕೆಯನ್ನು ಸಾರಾಸಗಟು ತಳ್ಳಿಹಾಕಿದ. ಅವನು ಹೇಳಿದ್ದೇ ಸರಿ. ಆದರೂ ಊರಿಗೆ ಸಲಾಮಿನ ಹೆಸರಿಟ್ಟು ನೆತ್ತಿಯ ಮೇಲೆ ಸವಾರನನ್ನು ನಿಲ್ಲಿಸಿದಾಗ ಜನ ಅವನನ್ನು ಕಂಡು ಹೆದರಿದರೇ ಹೊರತು ಅಭಯ ಪಡೆಯಲಿಲ್ಲ ಎಂಬುದನ್ನು ಆ ಕತೆ ಬಿಚ್ಚಿ ಹೇಳುತ್ತದೆ.

ಮನ್ಸೂರನ ಮರಿಮೊಮ್ಮಕ್ಕಳಾದ ಅಮೀನ್ ಮತ್ತು ಮಾಮೂನ್ ಗದ್ದುಗೆಗಾಗಿ ಕಾದಾಡಿದಾಗ 812–13ರಲ್ಲಿ ದುಂಡುನಗರ ಕವಣೆಯಂತ್ರಗಳ ಕಲ್ಲೇಟಿಗೆ ಜಖಂಗೊಂಡಿತು. 941ರ ಬಿರುಗಾಳಿ ಮಳೆಯಲ್ಲಿ ಹಸಿರು ಗುಮ್ಮಟ ಕುಸಿಯಿತು.

ಇದೇ ನಗರದ ನಿಝಾಮಿಯಾ ವಿದ್ಯಾಪೀಠದಲ್ಲಿ 1091ರಿಂದ 1095ರವರೆಗೆ ಪಾಠ ಹೇಳಿದವರು ಅಬೂ ಹಾಮಿದ್ ಅಲ್ ಘಝ್ಝಾಲಿ. ಆ ಕಾಲದ ಅತ್ಯುನ್ನತ ವಿದ್ವತ್ ಪದವಿ ಅವರದು. ಅದನ್ನು ಬಿಟ್ಟು, ಫಕೀರರಂತೆ ಹೊರಟು, ಮುಂದೆ ದಿವ್ಯನಾಮಗಳ ಅರ್ಥ ವಿವರಿಸುವ ‘ಅಲ್ ಮಕ್ಸದ್ ಅಲ್ ಅಸ್ನಾ’ ಎಂಬ ಗ್ರಂಥ ಬರೆದರು. ಅವರ ಪ್ರಕಾರ ಸಲಾಂ ಎಂಬ ಹೆಸರಿಗೆ ಮೂರು ಪದರ: ಅವನ ಸ್ವರೂಪದಲ್ಲಿ ಊನವಿಲ್ಲ, ಗುಣಗಳಲ್ಲಿ ಕೊರತೆಯಿಲ್ಲ, ಕ್ರಿಯೆಗಳಲ್ಲಿ ಕೇಡಿಲ್ಲ. ಲೋಕದಲ್ಲಿ ಎಲ್ಲಿ ಕ್ಷೇಮ ಕಂಡರೂ ಅದು ಅವನಿಂದ ಹೊರಟದ್ದು. ಘಝ್ಝಾಲಿ ಅಷ್ಟಕ್ಕೇ ನಿಲ್ಲುವುದಿಲ್ಲ, ಈ ಹೆಸರಿನಲ್ಲಿ ಮನುಷ್ಯನ ಪಾಲೆಷ್ಟು ಎಂದೂ ಕೇಳುತ್ತಾರೆ. ಮೋಸ, ದ್ವೇಷ, ಹೊಟ್ಟೆಕಿಚ್ಚು, ಕೇಡು ಬಗೆಯುವ ಬುದ್ಧಿ ಇವುಗಳಿಂದ ಎದೆ ಪಾರಾಗಬೇಕು. ಅದರ ಜೊತೆಗೆ ಒಳಗಿನ ವ್ಯವಸ್ಥೆ ತಲೆಕೆಳಗಾಗದಿರಬೇಕು. ವಿವೇಕವು ಆಸೆಗೂ ಕೋಪಕ್ಕೂ ಆಳಾಗಿ ದುಡಿದರೆ ಅದೇ ತಲೆಕೆಳಗಾದ ಸ್ಥಿತಿ, ಅರಸನೇ ಆಳಾದ ಕಡೆ ಕ್ಷೇಮವಿಲ್ಲ ಎನ್ನುತ್ತಾರೆ. ದೇವರ ಹೆಸರಿನ ಬಗ್ಗೆ ಇಷ್ಟು ನೇರವಾಗಿ, ಇಷ್ಟು ಮನುಷ್ಯಪರವಾಗಿ ಬರೆದ ಪುಟಗಳು ಕಡಿಮೆ. ಗೆಲುವು, ಕೀರ್ತಿ, ಆಸ್ಥಾನದ ಕೃಪೆ ಎಲ್ಲವನ್ನೂ ಕಂಡು ಬಿಟ್ಟುಬಂದವರ ಬರಹವಾದ್ದರಿಂದ ಅದಕ್ಕೆ ಹೆಚ್ಚಿನ ಬೆಲೆ.

1258ರ ಫೆಬ್ರವರಿಯಲ್ಲಿ ಹುಲಗು ಖಾನನ ಮಂಗೋಲ್ ಸೇನೆ ಬಗ್ದಾದನ್ನು ಹಿಡಿಯಿತು. ಅಲ್ಲಿನ ಕೊನೆಯ ಖಲೀಫ ಮುಸ್ತಅ್ಸಿಮನನ್ನು ಕಂಬಳಿಯಲ್ಲಿ ಸುತ್ತಿ ಕುದುರೆಗಳ ಗೊರಸಿನಡಿ ಕೊಂದರೆಂದು ಹಲವು ವೃತ್ತಾಂತಗಳು ಹೇಳುತ್ತವೆ. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಗೆ 1262ರಲ್ಲಿ ಬರೆದ ಪತ್ರದಲ್ಲಿ ಹುಲಗು, ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಹೇಳಿಕೊಂಡ. ಕೊಂದವನೇ ಕೊಟ್ಟ ಲೆಕ್ಕ ಅದು.

ಅರಮನೆಗಳು ಸಲಾಮಿನ ಹೆಸರನ್ನು ಮಾತ್ರ ಬಿಡಲಿಲ್ಲ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ನಡುಬಾಗಿಲಿಗೆ ‘ಬಾಬುಸ್ಸಲಾಂ’ ಎಂಬ ಹೆಸರು. ಪ್ರವಾದಿಯವರ ಸಮಾಧಿಗೆ ಸಲಾಂ ಹೇಳಲು ಯಾತ್ರಿಕರು ಮದೀನಾದ ಮಸೀದಿಯನ್ನು ಹೊಗುವ ಬಾಗಿಲಿಗೂ ಅದೇ ಹೆಸರು. ಆದರೆ ತೋಪ್‌ಕಾಪಿಯ ಬಾಗಿಲಲ್ಲಿ ವಜೀರರೂ ರಾಯಭಾರಿಗಳೂ ಕುದುರೆಯಿಂದ ಇಳಿಯಲೇಬೇಕಿತ್ತು, ಸವಾರಿಯಲ್ಲೇ ಒಳಗೆ ಹೋಗುವ ಹಕ್ಕು ಸುಲ್ತಾನನದಾಗಿತ್ತು. ಮೊಘಲರ ಆಸ್ಥಾನದಲ್ಲಿ ಇದು ಮೈಯ ಭಾಷೆಯಾಯಿತು. ಅಬುಲ್ ಫಝಲ್ ‘ಐನ್ ಎ ಅಕ್ಬರಿ’ಯಲ್ಲಿ ‘ತಸ್ಲೀಮ್’ ಎಂಬ ವಂದನೆಯನ್ನು ವಿವರಿಸುತ್ತಾನೆ. ಬಲಗೈಯ ಹಿಂಬದಿಯನ್ನು ನೆಲಕ್ಕೆ ಮುಟ್ಟಿಸಿ, ಮೆಲ್ಲನೆ ಮೇಲೆತ್ತುತ್ತ ನೆಟ್ಟಗೆ ನಿಂತು, ಅಂಗೈಯನ್ನು ನೆತ್ತಿಯ ಮೇಲಿಡಬೇಕು. ಮನ್ಸಬು, ಜಹಗೀರು, ಆನೆ ಅಥವಾ ಕುದುರೆ ದಯಪಾಲಿಸಿದಾಗ ಹೀಗೆ ಮೂರು ಸಲ. ತಸ್ಲೀಮ್ ಕೂಡ ಸಲಾಂ ಹುಟ್ಟಿದ ಧಾತುವಿನಿಂದಲೇ ಬಂದದ್ದು. ಮದೀನಾದಲ್ಲಿ ಸವಾರನು ಕಾಲ್ನಡಿಗೆಯವನಿಗೆ ಕೊಡುತ್ತಿದ್ದದ್ದನ್ನು ಇಲ್ಲಿ ಕುದುರೆ ಪಡೆಯುವವನು ಕೊಡುವವನಿಗೆ ಮೈ ಬಗ್ಗಿಸಿ ಸಲ್ಲಿಸುತ್ತಿದ್ದ.

ಕನ್ನಡಕ್ಕೆ ‘ಸಲಾಮು’ ಬಂದದ್ದು ಬಹುಮಟ್ಟಿಗೆ ಈ ಆಸ್ಥಾನದ ದಾರಿಯಿಂದ. ಸಲಾಮು ಹೊಡೆಯುವುದು ಎಂದರೆ ನಮ್ಮ ಮಾತಿನಲ್ಲಿ ಅಧಿಕಾರಕ್ಕೆ ತಲೆಬಾಗುವುದು. ಮೇಲುಕೋಟೆಯ ಚೆಲುವನಾರಾಯಣ ಸ್ವಾಮಿಗೆ ಸಂಜೆ ನಡೆಯುವ ದೀವಟಿಗೆ ಸಲಾಂ, ಕೊಲ್ಲೂರಿನ ಸಲಾಂ ಮಂಗಳಾರತಿ ಇವೆಲ್ಲ ಹೈದರ್ ಮತ್ತು ಟಿಪ್ಪುವಿನ ಕಾಲದೊಡನೆ ಜನ ಬೆಸೆದು ಹೇಳುವ ಆಚರಣೆಗಳು. ರಾಜಮರ್ಯಾದೆಯ ಪದ ಇಲ್ಲಿ ದೇವರ ಸೇವೆಗೆ ಸಂದಿತು. 2022ರ ಡಿಸೆಂಬರಿನಲ್ಲಿ ರಾಜ್ಯದ ಮುಜರಾಯಿ ಇಲಾಖೆ ಈ ಸೇವೆಗಳ ಹೆಸರಿನಲ್ಲಿದ್ದ ಸಲಾಂ ಪದವನ್ನು ತೆಗೆದು ನಮಸ್ಕಾರ ಎಂದು ಬದಲಿಸುವುದಾಗಿ ಪ್ರಕಟಿಸಿತು. ಆ ಪದ ಒಂದು ಧರ್ಮದಲ್ಲಿ ದೇವರದೇ ಹೆಸರು ಎಂಬ ಸಂಗತಿ ಅಂದಿನ ವಾದವಿವಾದದಲ್ಲಿ ಇನ್ನಷ್ಟು ಕೇಳಿಬರಬೇಕಿತ್ತು. ದೀವಟಿಗೆಯ ಬೆಳಕಿನಲ್ಲಿ ದೇವರೆದುರು ದೇವರ ಹೆಸರೇ ಇನ್ನೊಂದು ಭಾಷೆಯಲ್ಲಿ ನುಡಿಯುತ್ತಿತ್ತು.

ಆದರೆ ಕರಾವಳಿಗೆ ಸಲಾಂ ಬಂದದ್ದು ಟಿಪ್ಪುವಿಗಿಂತ ಆರು ನೂರು ವರ್ಷ ಮೊದಲೇ, ಅದೂ ಹಡಗಿನಲ್ಲಿ, ಯಾವ ಸೈನ್ಯದ ಜೊತೆಗೂ ಅಲ್ಲ. ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಸುಮಾರಿನಿಂದ 1149ರವರೆಗೆ ಬಹುಪಾಲು ಮಂಗಳೂರಿನಲ್ಲಿ ನೆಲಸಿದ್ದ. ಮೆಣಸು, ಅಡಿಕೆ, ಕಬ್ಬಿಣ ಅವನ ಸರಕು. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಏಡನ್ ಬಂದರಿನಲ್ಲಿದ್ದ ಅವನ ಪಾಲುದಾರರು ಹೀಬ್ರೂ ಲಿಪಿಯಲ್ಲಿ ಅರಬ್ಬಿ ಭಾಷೆಯ ಪತ್ರಗಳನ್ನು ಬರೆಯುತ್ತಿದ್ದರು. ಬೆನ್ ಯಿಜುವಿನ ಪರವಾಗಿ ಸಮುದ್ರ ದಾಟಿ ಏಡನ್ನಿಗೆ ಹೋಗಿಬಂದು ವ್ಯವಹಾರ ನೋಡಿಕೊಳ್ಳುತ್ತಿದ್ದವನು ಈ ಕಡೆಯ ಒಬ್ಬ ಮನುಷ್ಯ. ಕಾನೂನಿನ ಲೆಕ್ಕದಲ್ಲಿ ಅವನು ಗುಲಾಮ. ಪತ್ರಗಳಲ್ಲಿ ಅವನ ಹೆಸರು ಮೂರೇ ಅಕ್ಷರ, ಬ–ಮ–ಅ. ಈ ಜಾಡನ್ನು ಹಿಡಿದು ಹೊರಟ ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದಾಗ ಪ್ರೊಫೆಸರ್ ಬಿ. ಎ. ವಿವೇಕ ರೈ ಅದು ತುಳುನಾಡಿನ ಬೊಮ್ಮ ಎಂಬ ಹೆಸರಾಗಿರಬೇಕೆಂದು ಬಿಡಿಸಿಕೊಟ್ಟರು. 1992ರ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಆ ಶೋಧದ ಪೂರ್ತಿ ಕತೆಯಿದೆ.

ಏಡನ್ನಿನ ಖಲಫ್ ಇಬ್ನ್ ಇಸ್‌ಹಾಕ್ ತನ್ನ ಗೆಳೆಯ ಬೆನ್ ಯಿಜುವಿಗೆ ಬರೆದ ಪತ್ರದಲ್ಲಿ ಸರಕಿನ ಲೆಕ್ಕ, ಹಡಗು ಮುಳುಗಿದ ಸುದ್ದಿ ಎಲ್ಲದರ ಜೊತೆ ಬೊಮ್ಮನನ್ನು ಬೇರೆಯಾಗಿ ನೆನೆದು ಅವನಿಗೆ ಹೇರಳ ವಂದನೆ ತಿಳಿಸುತ್ತಾನೆ. ಬರೆದವನು ಶ್ರೀಮಂತ ವರ್ತಕ, ಯಹೂದಿ. ಪಡೆದವನು ಇನ್ನೊಬ್ಬರ ಮನೆಯ ಆಳು, ತುಳುವ. ಆಡಿದ ಭಾಷೆ ಮುಸ್ಲಿಮರ ಅರಬ್ಬಿ. ಹಿಂದೂ ಮಹಾಸಾಗರದ ವ್ಯಾಪಾರ ನಿಂತದ್ದು ಇಂಥ ಮಾತಿನ ಮೇಲೆ. ದಾರಿಯಲ್ಲಿ ಹಡಗು ಒಡೆಯಬಹುದು, ಕಡಲ್ಗಳ್ಳರು ಸರಕು ದೋಚಬಹುದು, ಪತ್ರ ತಲುಪಲು ತಿಂಗಳುಗಳು ಹಿಡಿಯಬಹುದು. ಆಚೆ ದಡದಲ್ಲಿರುವವನು ಮೋಸ ಮಾಡುವುದಿಲ್ಲ, ಕೇಡು ಬಗೆಯುವುದಿಲ್ಲ ಎಂಬ ಭರವಸೆ ಇಲ್ಲದೆ ಒಂದು ಮೂಟೆ ಮೆಣಸೂ ದಾಟುತ್ತಿರಲಿಲ್ಲ. ಸವಾರ ಮೊದಲು ಹೇಳಬೇಕೆಂಬ ಮದೀನಾದ ನಿಯಮ ಅರಮನೆಗಳಲ್ಲಿ ಮುರಿದುಬಿದ್ದರೂ ಪೇಟೆಗಳಲ್ಲಿ, ಬಂದರುಗಳಲ್ಲಿ, ಸಾಮಾನ್ಯರ ಮನೆಬಾಗಿಲುಗಳಲ್ಲಿ ಬದುಕಿತು. ಸಲಾಂ ಎಂಬ ದಿವ್ಯನಾಮದ ನಿಜವಾದ ಚರಿತ್ರೆ ಇರುವುದು ಅಲ್ಲಿ.

ಖಲಫನ ಒಂದು ಪತ್ರ 1942ರಲ್ಲಿ ಹೀಬ್ರೂ ವಿದ್ವತ್ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾಯಿತು. ಎಸ್. ಡಿ. ಗೋಯ್ಟೈನ್ ಜೀವನವಿಡೀ ಕಲೆಹಾಕಿದ ಈ ಪತ್ರಗಳನ್ನು ಮೊರ್ದೆಖೈ ಫ್ರೀಡ್‌ಮನ್ ಪೂರ್ಣಗೊಳಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಸಂಪುಟವಾಗಿ ತಂದಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳೂ ಪ್ರಾಧಿಕಾರಗಳೂ ಮನಸ್ಸು ಮಾಡಿ, ಮಂಗಳೂರಿಗೆ ಬಂದ ಆ ಪತ್ರಗಳನ್ನಾದರೂ ಒಳ್ಳೆಯ ಕನ್ನಡದಲ್ಲಿ, ಟಿಪ್ಪಣಿಗಳ ಸಮೇತ, ಕರಾವಳಿಯ ಪ್ರತಿ ಶಾಲೆಯ ಮಕ್ಕಳ ಕೈಗೆ ತಲುಪಿಸಬೇಕು. ತಮ್ಮೂರಿನ ಬೊಮ್ಮನಿಗೆ ಎಂಟುನೂರ ಎಪ್ಪತ್ತು ವರ್ಷಗಳಿಗೂ ಹಿಂದೆ ಕಡಲಾಚೆಯಿಂದ ಬಂದ ವಂದನೆಯನ್ನು ಓದುವ ಹಕ್ಕು ಅವರಿಗಿದೆ.